ಸೊಟ್ಟಗಾಲಿನ ಇಲಿ ಮತ್ತು ಜೀವಕೋಶದ ಹಮಾಲಿ

ಪ್ರಯೋಗಾಲಯದ ಪುಟ್ಟ ಇಲಿಯನ್ನು ಬಾಲ ಹಿಡಿದು ಮೆಲ್ಲಗೆ ಮೇಲೆತ್ತಿದರೆ ಅದು ಹಿಂಗಾಲುಗಳೆರಡನ್ನೂ ಹೊರಕ್ಕೆ ಚಾಚುತ್ತದೆ. ಎಲ್ಲಾದರೂ ನೆಲ ಸಿಕ್ಕೀತೇ ಎಂದು ಹುಡುಕುವಂತೆ ಬೆರಳುಗಳನ್ನು ಅರಳಿಸುತ್ತದೆ. ಇದು ಆರೋಗ್ಯವಂತ ಇಲಿಯ ಲಕ್ಷಣ. ಆದರೆ ಒಂದು ತಳಿಯ ಇಲಿಗಳು ಹಾಗೆ ಮಾಡಲಿಲ್ಲ. ಮೇಲೆತ್ತಿದೊಡನೆ ಹಿಂಗಾಲುಗಳನ್ನು ಹೊಟ್ಟೆಯತ್ತ ಮಡಚಿ, ಮುದುಡಿಕೊಂಡು ತೂಗಾಡಿದವು. ಅವುಗಳನ್ನು ಗಮನಿಸಿದ ವಿಜ್ಞಾನಿಗಳು ತಳಿಗೆ ಇಟ್ಟ ಹೆಸರೂ ಅದಕ್ಕೆ ತಕ್ಕಂತೆಯೇ ಇದೆ: ‘ಲೆಗ್ಸ್ ಅಟ್ ಆಡ್ ಆ್ಯಂಗಲ್ಸ್’, ಅಂದರೆ ಸೊಟ್ಟಸೊಟ್ಟ ಕಾಲುಗಳು. ಚುಟುಕಾಗಿ ‘ಲೋವಾ’.

ಈ ಸೊಟ್ಟಗಾಲಿನ ಮೂಲ ಕಾರಣ ಕಾಲಿನಲ್ಲಿರಲಿಲ್ಲ, ಮೂಳೆಯಲ್ಲೂ ಇರಲಿಲ್ಲ. ಇಲಿಯ 12ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ವಂಶವಾಹಿಯ ಹೆಸರು ಡಿವೈಎನ್‌ಸಿ1ಎಚ್1. ಅದು ರೂಪಿಸುವ ಪ್ರೋಟೀನಿನ ಹೆಸರು ಡೈನೀನ್. ಜೀವಕೋಶದ ಒಳಗೆ ಸರಕು ಹೊತ್ತು ನಡೆಯುವ ಹಮಾಲಿ ಈ ಡೈನೀನ್.

ಒಂದು ಇಲಿಯ ನಡಿಗೆ ಕೆಟ್ಟರೆ ಮನುಷ್ಯರಿಗೇನು ಎಂಬ ಪ್ರಶ್ನೆ ಸಹಜ. ಎಳವೆಯಿಂದಲೇ ಕಾಲಿನ ಬಲ ಕುಂದಿದ್ದೂ ರೋಗದ ಕಾರಣ ತಿಳಿಯದೆ ವರ್ಷಗಟ್ಟಲೆ ಆಸ್ಪತ್ರೆಗಳಿಗೆ ಅಲೆದ ಕೆಲವು ಕುಟುಂಬಗಳಿಗೆ ಕಾರಣವನ್ನು ತೋರಿಸಿಕೊಟ್ಟದ್ದು ಇದೇ ವಂಶವಾಹಿ. ಆದರೆ ಇಲಿಯಿಂದ ಆ ಕುಟುಂಬಗಳವರೆಗಿನ ದಾರಿ ನೇರವಾಗಿರಲಿಲ್ಲ. ವಿಜ್ಞಾನಿಗಳು ಇಲಿಯಲ್ಲಿ ಮೊದಲು ಕಂಡದ್ದಕ್ಕೆ ಕೊಟ್ಟ ಅರ್ಥವನ್ನು ಮುಂದೆ ತಿದ್ದಿಕೊಳ್ಳಬೇಕಾಯಿತು. ಆ ತಿದ್ದುಪಡಿಯ ಕಥೆಯೂ ಅಷ್ಟೇ ಮುಖ್ಯವಾದುದು.

ಕೋಶದೊಳಗಿನ ಹೆದ್ದಾರಿ

ಜೀವಕೋಶವೆಂದರೆ ನೀರು ತುಂಬಿದ ಚೀಲವಲ್ಲ. ಅದರೊಳಗೆ ಉದ್ದುದ್ದ ಟೊಳ್ಳು ಕೊಳವೆಗಳ ಜಾಲವೊಂದು ಹರಡಿಕೊಂಡಿದೆ. ಇವುಗಳಿಗೆ ಸೂಕ್ಷ್ಮನಾಳಿಕೆಗಳೆಂದು ಹೆಸರು. ಒಂದು ನಾಳಿಕೆಯ ಅಡ್ಡಳತೆ ಸುಮಾರು 25 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಟ್ಯೂಬುಲಿನ್ ಎಂಬ ಪ್ರೋಟೀನಿನ ಜೋಡಿ ಘಟಕಗಳನ್ನು ಇಟ್ಟಿಗೆಗಳಂತೆ ಒಂದರ ಮೇಲೊಂದು ಜೋಡಿಸಿದ, ಸಾಮಾನ್ಯವಾಗಿ 13 ಸಾಲುಗಳು ಸೇರಿ ಒಂದು ನಾಳಿಕೆಯಾಗುತ್ತದೆ.

ಈ ನಾಳಿಕೆಗಳು ಕೋಶಕ್ಕೆ ಆಕಾರ ಕೊಡುವ ಕಂಬಗಳೂ ಹೌದು, ಸರಕು ಸಾಗಿಸುವ ಹಳಿಗಳೂ ಹೌದು. ಹೊಸದಾಗಿ ತಯಾರಾದ ಪ್ರೋಟೀನುಗಳು, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು, ಸಂದೇಶ ಹೊತ್ತ ಪುಟ್ಟ ಗುಳ್ಳೆಗಳು, ಕೊನೆಗೆ ಕೋಶದ ಕಸ ಕೂಡ ಈ ಹಳಿಗಳ ಮೇಲೆಯೇ ಸಾಗಬೇಕು.

ಚರ್ಮದ ಒಂದು ಕೋಶಕ್ಕೆ ಇದು ದೊಡ್ಡ ಸಮಸ್ಯೆಯಲ್ಲ. ಆ ಕೋಶದ ಈ ತುದಿಯಿಂದ ಆ ತುದಿಗೆ ಇರುವ ದೂರವೇ ಅತ್ಯಲ್ಪ. ನರಕೋಶದ ಸಂಗತಿ ಬೇರೆ. ಕಾಲಿನ ಸ್ನಾಯುವನ್ನು ಚಲಿಸುವ ನರಕೋಶದ ಒಡಲು ಬೆನ್ನುಹುರಿಯೊಳಗಿರುತ್ತದೆ. ಅದರಿಂದ ಹೊರಟ ನರತಂತು ಪಾದದವರೆಗೂ ಹೋಗುತ್ತದೆ. ವಯಸ್ಕರಲ್ಲಿ ಇದರ ಉದ್ದ ಸುಮಾರು ಒಂದು ಮೀಟರ್. ಒಡಲಿನ ಅಡ್ಡಳತೆಯಾದರೋ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಕೋಶದ ಒಡಲನ್ನು ಬೆಂಗಳೂರಿನ ಹನ್ನೆರಡು ಅಡಿಯ ಒಂದು ಕೋಣೆಯೆಂದು ಭಾವಿಸಿದರೆ, ಅದರ ನರತಂತು ತುಮಕೂರನ್ನು ಮುಟ್ಟುವಷ್ಟು ಉದ್ದವಾಗುತ್ತದೆ!

ಅಷ್ಟು ದೂರದ ತುದಿಗೆ ಬೇಕಾದ ಸಾಮಗ್ರಿಯ ಬಹುಪಾಲು ತಯಾರಾಗುವುದು ಆ ಕೋಣೆಯಲ್ಲಿ. ತುದಿಯಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿ ಮುಟ್ಟಬೇಕಾದುದೂ ಆ ಕೋಣೆಗೇ. ‘ಇಲ್ಲಿ ಸ್ನಾಯು ಸಿಕ್ಕಿದೆ, ಬದುಕಿರು’ ಎಂಬ ರಾಸಾಯನಿಕ ಸಂದೇಶ ತುದಿಯಿಂದ ಒಡಲಿಗೆ ಬಾರದೆ ಹೋದರೆ ಬೆಳೆಯುತ್ತಿರುವ ನರಕೋಶ ಸಾಯುತ್ತದೆ.

ಹೋಗಲು ಹತ್ತಾರು, ಮರಳಲು ಒಂದು

ಈ ಹಳಿಗಳಿಗೆ ದಿಕ್ಕು ಇದೆ. ನಾಳಿಕೆಯ ಎರಡು ತುದಿಗಳು ಒಂದೇ ರೀತಿಯವಲ್ಲ. ಹಮಾಲಿ ಪ್ರೋಟೀನುಗಳು ಈ ವ್ಯತ್ಯಾಸವನ್ನು ಗುರುತಿಸಿ, ತಮಗೆ ಗೊತ್ತಾದ ದಿಕ್ಕಿನಲ್ಲಿ ಮಾತ್ರ ಹೆಜ್ಜೆ ಹಾಕುತ್ತವೆ. ಒಡಲಿನಿಂದ ತುದಿಯತ್ತ ಸರಕು ಒಯ್ಯುವವು ಮುಖ್ಯವಾಗಿ ಕೈನೆಸಿನ್ ಕುಟುಂಬದವು. 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್ ಮತ್ತು ಮೈಕೆಲ್ ಶೀಟ್ಜ್ ಅವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು ಬಳಸಿ ಕೈನೆಸಿನ್ ಪತ್ತೆ ಮಾಡಿದರು.

ತುದಿಯಿಂದ ಒಡಲಿನತ್ತ ಮರಳುವ ಸರಕಿನ ಹೊಣೆ ಡೈನೀನ್‌ನದು. ಇದರ ಕಥೆ ಇನ್ನೂ ಹಳೆಯದು. 1960ರ ದಶಕದಲ್ಲಿ ಇಯಾನ್ ಗಿಬ್ಬನ್ಸ್ ಅವರು ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯ ಮೈಮೇಲಿನ ಸೂಕ್ಷ್ಮ ರೋಮಗಳನ್ನು ಬಡಿಯುವಂತೆ ಮಾಡುವ ಪ್ರೋಟೀನನ್ನು ಗುರುತಿಸಿ, ಬಲದ ಮಾನವಾದ ‘ಡೈನ್’ ಎಂಬುದರಿಂದ ಅದಕ್ಕೆ ಹೆಸರಿಟ್ಟರು. ಕೋಶದ ಒಳಗೂ ಅದರ ದಾಯಾದಿಯೊಂದಿದೆ, ಸರಕು ಮರಳಿ ತರುವುದು ಅದೇ ಎಂದು ಸ್ಪಷ್ಟವಾದದ್ದು 1987ರಲ್ಲಿ. ರಿಚರ್ಡ್ ವ್ಯಾಲಿ ಅವರ ತಂಡ ಮಿದುಳಿನಿಂದ ಬೇರ್ಪಡಿಸಿದ, ‘ಸೂಕ್ಷ್ಮನಾಳಿಕೆಗೆ ಅಂಟುವ ಪ್ರೋಟೀನು’ ಎಂದಷ್ಟೇ ಪಟ್ಟಿಯಲ್ಲಿ ಸೇರಿದ್ದ ವಸ್ತು ನಿಜಕ್ಕೂ ನಡೆಯಬಲ್ಲ ಹಮಾಲಿ ಎಂದು ತಿಳಿದುಬಂದಿತು.

ಇಲ್ಲೊಂದು ಅಸಮತೋಲನವಿದೆ. ಸಸ್ತನಿಗಳಲ್ಲಿ ಕೈನೆಸಿನ್ ಕುಟುಂಬದ ವಂಶವಾಹಿಗಳು ಸುಮಾರು 45. ಅವೆಲ್ಲವೂ ಸರಕು ಸಾಗಿಸುವುದಿಲ್ಲವಾದರೂ ಹೊರಹೋಗುವ ದಾರಿಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ನೆರವಿಗೆ ಬರುವ ಅವಕಾಶವುಂಟು. ಮರಳುವ ದಾರಿಯಲ್ಲಿ ಹಾಗಿಲ್ಲ. ನರತಂತುವಿನ ವಾಪಸು ಸಾಗಣೆಯ ಬಹುತೇಕ ಭಾರವನ್ನು ಒಂದೇ ಬಗೆಯ ಡೈನೀನ್ ಹೊರುತ್ತದೆ. ಅದರ ಮುಖ್ಯ ಭಾಗವನ್ನು ರೂಪಿಸುವ ವಂಶವಾಹಿಯೂ ಒಂದೇ: ಡಿವೈಎನ್‌ಸಿ1ಎಚ್1. ಊರಿನಿಂದ ಹೊರಡಲು ಹತ್ತಾರು ಬಸ್ಸುಗಳಿದ್ದು, ಮರಳಲು ಒಂದೇ ಬಸ್ಸು ಇರುವ ಹಳ್ಳಿಯ ಪರಿಸ್ಥಿತಿ ಇದು.

ಡೈನೀನ್ ಪ್ರೋಟೀನುಗಳಲ್ಲೇ ದೈತ್ಯ. ಅದರ ಮುಖ್ಯ ಸರಪಣಿಯಲ್ಲಿ 4,600ಕ್ಕೂ ಹೆಚ್ಚು ಅಮೈನೊ ಆಮ್ಲಗಳಿವೆ. ಇಂತಹ ಎರಡು ಸರಪಣಿಗಳು ಬಾಲದ ಭಾಗದಲ್ಲಿ ಜೋಡಿಯಾಗಿ, ಎರಡು ಕಾಲುಗಳಂತೆ ಕೆಲಸ ಮಾಡುತ್ತವೆ. ಪ್ರತಿ ಸರಪಣಿಯ ಒಂದು ಕಡೆ ಆರು ಘಟಕಗಳ ಉಂಗುರವಿದ್ದು, ಅದು ಎಟಿಪಿ ಎಂಬ ಇಂಧನವನ್ನು ಉರಿಸುತ್ತದೆ. ಉಂಗುರದಿಂದ ಹೊರಚಾಚಿದ ಕಡ್ಡಿಯ ತುದಿ ನಾಳಿಕೆಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬಾಲದ ಭಾಗ ಡೈನ್ಯಾಕ್ಟಿನ್ ಮೊದಲಾದ ಸಹಾಯಕ ಪ್ರೋಟೀನುಗಳ ನೆರವಿನಿಂದ ಸರಕನ್ನು ಹೊರುತ್ತದೆ.

ಒಂದು ಹೆಜ್ಜೆಯ ಉದ್ದ ಸಾಮಾನ್ಯವಾಗಿ 8 ನ್ಯಾನೊಮೀಟರ್. ಪಾದದಿಂದ ಬೆನ್ನುಹುರಿಯವರೆಗಿನ ಒಂದು ಮೀಟರ್ ದಾರಿಗೆ ಸುಮಾರು 12.5 ಕೋಟಿ ಹೆಜ್ಜೆಗಳು ಬೇಕು. ಒಬ್ಬ ಹಮಾಲಿಯೇ ಅಷ್ಟೂ ದೂರ ನಡೆಯುವುದಿಲ್ಲ. ದಾರಿಯಲ್ಲಿ ಕೆಲವು ಹಳಿಯಿಂದ ಕಳಚುತ್ತವೆ, ಬೇರೆಯವು ಸರಕಿಗೆ ಹೆಗಲು ಕೊಡುತ್ತವೆ. ಸೆಕೆಂಡಿಗೆ ಒಂದು ಮೈಕ್ರೊಮೀಟರ್ ವೇಗದಲ್ಲಿ ನಿಲ್ಲದೆ ಸಾಗಿದರೂ ಪ್ರಯಾಣಕ್ಕೆ ಹನ್ನೊಂದು ದಿನಗಳಿಗೂ ಹೆಚ್ಚು ಬೇಕು. ಇಷ್ಟು ದೀರ್ಘವಾದ ದಾರಿಯಲ್ಲಿ ಹೆಜ್ಜೆ ತುಸು ತಪ್ಪಿದರೂ ನಷ್ಟ ದೊಡ್ಡದು.

ಒಂದು ಆಮ್ಲಜನಕ ಪರಮಾಣು

ಲೋವಾ ಇಲಿಯಲ್ಲಿ ತಪ್ಪಿದ್ದು ಎಷ್ಟು ಅಲ್ಪ ಎಂಬುದನ್ನು ನೋಡಿದರೆ ಅಚ್ಚರಿಯಾಗುತ್ತದೆ. ಇಎನ್‌ಯು ಎಂಬ ರಾಸಾಯನಿಕದಿಂದ ಗಂಡು ಇಲಿಗಳ ವಂಶವಾಹಿಗಳಲ್ಲಿ ಅಲ್ಲಲ್ಲಿ ಬದಲಾವಣೆ ತಂದು, ಅವುಗಳ ಮರಿಗಳಲ್ಲಿ ವಿಚಿತ್ರ ಲಕ್ಷಣಗಳಿಗಾಗಿ ಹುಡುಕುವುದು ತಳಿವಿಜ್ಞಾನದ ರೂಢಿಯ ವಿಧಾನ. ಯಾವ ವಂಶವಾಹಿ ಕೆಡಬೇಕೆಂದು ಇಲ್ಲಿ ಯಾರೂ ಮೊದಲೇ ನಿರ್ಧರಿಸುವುದಿಲ್ಲ. ಲಕ್ಷಣ ಮೊದಲು ಕಾಣುತ್ತದೆ, ಕಾರಣದ ಬೇಟೆ ಆಮೇಲೆ. ಲೋವಾ ದೊರೆತದ್ದು ಹೀಗೆ. ‘ಕ್ರ್ಯಾಂಪಿಂಗ್’ ಎಂಬ ಇನ್ನೊಂದು ತಳಿಯೂ ಹೀಗೆಯೇ ದೊರೆಯಿತು.

ಲಂಡನ್ನಿನ ಎಲಿಜಬೆತ್ ಫಿಷರ್, ಮಜೀದ್ ಹಫೆಜ್‌ಪರಸ್ತ್ ಮತ್ತು ಸಂಗಡಿಗರು ಎರಡೂ ತಳಿಗಳ ದೋಷವನ್ನು ಬೆನ್ನಟ್ಟಿ ಒಂದೇ ವಂಶವಾಹಿಗೆ ಬಂದು ಮುಟ್ಟಿದರು. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ವರದಿ ಪ್ರಕಟವಾಯಿತು. ಪ್ರೋಟೀನನ್ನು ಬರೆಯುವ ಸುಮಾರು 14 ಸಾವಿರ ಅಕ್ಷರಗಳಲ್ಲಿ ಲೋವಾದಲ್ಲಿ ಬದಲಾದದ್ದು ಒಂದು ಅಕ್ಷರ. ಅದರಿಂದಾಗಿ ಸರಪಣಿಯ 580ನೆಯ ಸ್ಥಾನದಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೊ ಆಮ್ಲದ ಬದಲು ಟೈರೊಸೀನ್ ಬಂದು ಕುಳಿತಿತ್ತು. ಈ ಎರಡರ ನಡುವಿನ ವ್ಯತ್ಯಾಸ ಒಂದೇ ಒಂದು ಆಮ್ಲಜನಕ ಪರಮಾಣು.

ಆ ಒಂದು ಪರಮಾಣುವಿನ ಪರಿಣಾಮ ಘೋರವಾಗಿತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದ ಇಲಿಗಳು ಬದುಕುತ್ತವೆ, ಆದರೆ ನಡಿಗೆ ಕೆಡುತ್ತದೆ. ಇಬ್ಬರಿಂದಲೂ ದೋಷ ಪಡೆದ ಮರಿಗಳು ಹಾಲು ಕುಡಿಯಲಾರದೆ, ಸರಿಯಾಗಿ ಮೈ ಅಲುಗಿಸಲಾರದೆ, ಹುಟ್ಟಿದ ಒಂದು ದಿನದೊಳಗೆ ಸಾಯುತ್ತವೆ. ಅವುಗಳ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಳುವ ಚಾಲಕ ನರಕೋಶಗಳು ಬಹುಮಟ್ಟಿಗೆ ನಶಿಸಿದ್ದವು.

ಸಾಗಣೆ ನಿಜಕ್ಕೂ ಕುಂಟುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಧನುರ್ವಾಯುವಿನ ವಿಷದ ನಿರಪಾಯಕಾರಿ ತುಣುಕೊಂದನ್ನು ಬಳಸಿದರು. ಇದಕ್ಕೆ ಕಾರಣವಿದೆ. ತುಕ್ಕು ಹಿಡಿದ ಮೊಳೆ ಚುಚ್ಚಿದ ಗಾಯದಲ್ಲಿ ಹುಟ್ಟುವ ಧನುರ್ವಾಯುವಿನ ವಿಷ ಬೆನ್ನುಹುರಿಯನ್ನು ಸೇರುವುದು ನರತಂತುವಿನ ಇದೇ ವಾಪಸು ಸಾಗಣೆಯ ಮೂಲಕ. ನಾಯಿ ಕಚ್ಚಿದಾಗ ರೇಬಿಸ್ ವೈರಾಣು ಮಿದುಳಿನತ್ತ ಸಾಗುವುದೂ ಈ ದಾರಿಯಲ್ಲೇ. ಮುಖ, ಕುತ್ತಿಗೆಯ ಕಡಿತ ಕಾಲಿನ ಕಡಿತಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಇದೂ ಒಂದು ಕಾರಣ. ದೇಹದ ಹಮಾಲಿಗೆ ತಾನು ಹೊತ್ತದ್ದು ಮಿತ್ರನನ್ನೋ ಶತ್ರುವನ್ನೋ ಎಂಬ ಅರಿವಿಲ್ಲ.

ಹೊಳೆಯುವ ಬಣ್ಣ ಕಟ್ಟಿದ ಆ ತುಣುಕು ಎರಡೂ ಕಡೆಯಿಂದ ದೋಷ ಪಡೆದ ಲೋವಾ ಮರಿಗಳ ನರತಂತುಗಳಲ್ಲಿ ನಿಧಾನಗತಿಯಲ್ಲಿ ಸಾಗಿತು. ಸಾಗಣೆ ಕುಂಟಿದರೆ ನರಕೋಶ ಸಾಯಬಲ್ಲದು ಎಂಬ ಬಹುದಿನದ ಊಹೆಗೆ ಬಲವಾದ ಸಾಕ್ಷ್ಯ ದೊರೆತಂತಾಯಿತು.

ಅರ್ಧ ಸಾಕು, ಅರ್ಧ ಕೆಟ್ಟರೆ ಸಾಲದು

ಇಲ್ಲೊಂದು ಒಗಟು ಉಳಿದಿತ್ತು. 1998ರಲ್ಲೇ ಜಪಾನಿನ ಸಂಶೋಧಕರು ಇದೇ ವಂಶವಾಹಿಯನ್ನು ಪೂರ್ಣವಾಗಿ ತೆಗೆದುಹಾಕಿದ ಇಲಿಗಳನ್ನು ರೂಪಿಸಿದ್ದರು. ಎರಡೂ ಪ್ರತಿಗಳಿಲ್ಲದ ಭ್ರೂಣಗಳು ಗರ್ಭದ ಒಂಬತ್ತನೆಯ ದಿನವನ್ನೂ ದಾಟಲಿಲ್ಲ. ಆದರೆ ಒಂದೇ ಪ್ರತಿಯಿದ್ದ ಇಲಿಗಳು ಬದುಕಿ ಬೆಳೆದವು. ಒಂದು ಪ್ರತಿ ಇಲ್ಲವೇ ಇಲ್ಲದಿದ್ದರೂ ಇಲಿ ನಡೆಯಬಲ್ಲದಾದರೆ, ಒಂದು ಪ್ರತಿ ತುಸು ಕೆಟ್ಟ ಲೋವಾ ಏಕೆ ನಡೆಯಲಾರದು?

ಉತ್ತರ ಜೋಡಿ ಸರಪಣಿಯಲ್ಲಿದೆ. ಡೈನೀನ್‌ಗೆ ಎರಡು ಸರಪಣಿ ಬೇಕು. ಒಳ್ಳೆಯವೂ ಕೆಟ್ಟವೂ ಸಮಸಮವಾಗಿ ತಯಾರಾಗಿ ಮನಬಂದಂತೆ ಜೋಡಿಯಾದರೆ, ನಾಲ್ಕರಲ್ಲಿ ಒಂದು ಜೋಡಿ ಮಾತ್ರ ಪೂರ್ತಿ ಒಳ್ಳೆಯದಾಗಿರುತ್ತದೆ. ಉಳಿದ ಮೂರರಲ್ಲಿ ಒಂದಾದರೂ ಕೆಟ್ಟ ಕಾಲು ಇದ್ದೇ ಇರುತ್ತದೆ. ಕೆಟ್ಟ ಕಾಲಿನ ಹಮಾಲಿ ಮನೆಯಲ್ಲಿ ಕೂರುವುದೂ ಇಲ್ಲ. 2010ರಲ್ಲಿ ವ್ಯಾಲಿ ಅವರ ತಂಡ ಲೋವಾ ಡೈನೀನನ್ನು ಪ್ರತ್ಯೇಕಿಸಿ ಪರೀಕ್ಷಿಸಿದಾಗ, ದೋಷ ಬಾಲದಲ್ಲಿದ್ದರೂ ನಡಿಗೆಯೇ ಕೆಟ್ಟಿರುವುದು ಕಂಡಿತು. ಆರೋಗ್ಯವಂತ ಡೈನೀನ್ ಹಳಿಯ ಮೇಲೆ ಒಂದೇ ಸಮನೆ ನಡೆಯುವಷ್ಟು ದೂರ ಲೋವಾ ಡೈನೀನ್ ನಡೆಯುತ್ತಿರಲಿಲ್ಲ. 2017ರಲ್ಲಿ ಬ್ರಿಟನ್ನಿನ ಸಂಶೋಧಕರು ಮನುಷ್ಯರಲ್ಲಿ ಕಂಡ 14 ರೂಪಾಂತರಗಳನ್ನೂ ಇಲಿಗಳ ಮೂರನ್ನೂ ಒಟ್ಟಿಗೆ ಪರೀಕ್ಷೆಗೊಡ್ಡಿದರು. ಬಹುಪಾಲು ದೋಷಪೂರ್ಣ ಡೈನೀನ್‌ಗಳು ತಮ್ಮ ಸಹಾಯಕ ಪ್ರೋಟೀನುಗಳನ್ನು ಎಂದಿನಂತೆಯೇ ಹಿಡಿಯುತ್ತವೆ, ಆದರೆ ದೂರ ನಡೆಯಲಾರವು ಎಂಬುದು ಸ್ಪಷ್ಟವಾಯಿತು.

ಮೂಟೆಯನ್ನು ಹೆಗಲಿಗೇರಿಸಿಕೊಂಡು ನಡುದಾರಿಯಲ್ಲಿ ಕುಸಿಯುವ ಹಮಾಲಿ, ಕೆಲಸಕ್ಕೇ ಬಾರದ ಹಮಾಲಿಗಿಂತ ಹೆಚ್ಚು ನಷ್ಟ ಮಾಡುತ್ತಾನೆ. ಒಂದೇ ದೋಷಪೂರ್ಣ ಪ್ರತಿಯೂ ರೋಗ ತರಲು ಸಾಕಾಗುವುದಕ್ಕೆ ಸಂಶೋಧಕರು ಕೊಡುವ ವಿವರಣೆಯ ಸಾರ ಇದು.

ಲೆಕ್ಕ ತಪ್ಪಿಸಿದ ಮರಿಗಳು

2003ರ ವರದಿ ಬಂದಾಗ ಎಲ್ಲರ ಕಣ್ಣು ಎಎಲ್‌ಎಸ್ ರೋಗದ ಕಡೆಗೆ ಹೊರಳಿತು. ಚಾಲಕ ನರಕೋಶಗಳು ಒಂದೊಂದಾಗಿ ಸತ್ತು, ಕೈಕಾಲು, ನುಂಗುವ ಶಕ್ತಿ, ಕೊನೆಗೆ ಉಸಿರಾಟವೂ ನಿಲ್ಲುವ ಈ ರೋಗ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಂದಾಗಿ ಜಗತ್ತಿಗೆ ಪರಿಚಿತ. ಅದೇ ವರ್ಷ ಡೈನೀನ್‌ನ ಸಹಾಯಕ ಡೈನ್ಯಾಕ್ಟಿನ್‌ನಲ್ಲಿ, ಅದೂ ಸೂಕ್ಷ್ಮನಾಳಿಕೆಯನ್ನು ಹಿಡಿಯುವ ಭಾಗದಲ್ಲಿ, ದೋಷ ಹೊತ್ತ ಕುಟುಂಬವೊಂದು ಪತ್ತೆಯಾಗಿತ್ತು. ಆ ಕುಟುಂಬದವರಿಗೆ ಧ್ವನಿತಂತುವಿನ ದೌರ್ಬಲ್ಯದೊಂದಿಗೆ ಚಾಲಕ ನರದ ರೋಗವಿತ್ತು. ಎರಡು ಸುಳಿವುಗಳೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು.

ಮುಂದಿನ ಹೆಜ್ಜೆ ಸಹಜವಾಗಿಯೇ ಇತ್ತು. ಎಎಲ್‌ಎಸ್ ಅಧ್ಯಯನಕ್ಕಾಗಿ ಎಸ್ಒಡಿ1 ಎಂಬ ಬೇರೊಂದು ವಂಶವಾಹಿಯಲ್ಲಿ ದೋಷವಿರುವ ಇಲಿಗಳನ್ನು ಮೊದಲೇ ರೂಪಿಸಲಾಗಿತ್ತು. ಅವುಗಳನ್ನು ಲೋವಾ ಇಲಿಗಳೊಂದಿಗೆ ಕೂಡಿಸಿದರೆ ಹುಟ್ಟುವ ಮರಿಗಳು ಎರಡೂ ದೋಷಗಳನ್ನು ಹೊತ್ತು ಇನ್ನೂ ಬೇಗ ಸಾಯಬೇಕಿತ್ತು.

ಆದದ್ದು ತದ್ವಿರುದ್ಧ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂ ದೋಷ ಹೊತ್ತ ಇಲಿಗಳು ಎಸ್ಒಡಿ1 ದೋಷ ಮಾತ್ರ ಇದ್ದ ಇಲಿಗಳಿಗಿಂತ ಶೇ. 28ರಷ್ಟು ಹೆಚ್ಚು ಕಾಲ ಬದುಕಿದವು!

ಅದೇ ವರ್ಷ ಕೇಂಬ್ರಿಜ್‌ನ ಡೇವಿಡ್ ರುಬಿನ್‌ಸ್ಟೈನ್ ಅವರ ತಂಡ ಲೋವಾ ದೋಷವನ್ನು ಹಂಟಿಂಗ್ಟನ್ ರೋಗದ ಇಲಿಗಳಲ್ಲಿ ಸೇರಿಸಿ ನೋಡಿತು. ಅಲ್ಲಿ ರೋಗ ಉಲ್ಬಣಿಸಿತು. ಕೋಶದಲ್ಲಿ ಗಂಟುಕಟ್ಟುವ ಪ್ರೋಟೀನುಗಳನ್ನು ವಿಲೇವಾರಿ ಘಟಕಕ್ಕೆ ಒಯ್ಯುವ ಕೆಲಸಕ್ಕೂ ಡೈನೀನ್ ಬೇಕು. ಹಮಾಲಿ ಕುಂಟಿದಾಗ ಕಸ ಉಳಿದುಹೋಗುತ್ತದೆ ಎಂಬುದು ಇದರ ಅರ್ಥ. ಹಂಟಿಂಗ್ಟನ್ನಿನಲ್ಲಿ ಕಂಡದ್ದು ನಿರೀಕ್ಷೆಯಂತೆಯೇ ಇತ್ತು. ಎಎಲ್‌ಎಸ್ ಇಲಿಗಳ ಆಯುಷ್ಯ ಹೆಚ್ಚಿದ್ದೇ ಬಿಡಿಸಲಾಗದ ಗಂಟಾಯಿತು.

ಮೊದಲ ಓದು ಪೂರ್ತಿ ಸರಿಯಿರಲಿಲ್ಲ

ಗಂಟು ಸಡಿಲವಾದದ್ದು ಬೇರೊಂದು ಇಲಿಯಿಂದ. ವಿಕಿರಣದಿಂದ ಉಂಟಾದ ‘ಸ್ಪ್ರಾಲಿಂಗ್’ ಎಂಬ ಹಳೆಯ ತಳಿಯೊಂದಿತ್ತು. ಅದರ ಹಿಂಗಾಲುಗಳೂ ಸೊಟ್ಟವೇ. 2007ರಲ್ಲಿ ಷಿಕಾಗೋದ ಬ್ರಯಾನ್ ಪಾಪ್ಕೊ ಅವರ ತಂಡ ಅದರ ಮೂಲವೂ ಇದೇ ಡಿವೈಎನ್‌ಸಿ1ಎಚ್1 ಎಂದು ತೋರಿಸಿತು. ಆದರೆ ಆ ಇಲಿಗಳಲ್ಲಿ ಕೆಟ್ಟಿದ್ದು ಸ್ನಾಯುವನ್ನು ಆಳುವ ಚಾಲಕ ನರಕೋಶಗಳಲ್ಲ. ಸ್ನಾಯುವಿನ ಸ್ಥಿತಿಯನ್ನು ವರದಿ ಮಾಡುವ ಸಂವೇದನಾ ನರಕೋಶಗಳು ಕಡಿಮೆಯಾಗಿದ್ದವು.

ಕಣ್ಣು ಮುಚ್ಚಿಕೊಂಡಿದ್ದರೂ ಮೊಣಕಾಲು ಮಡಚಿದೆಯೋ ಚಾಚಿದೆಯೋ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಇದು ದೇಹದ ಸ್ಥಾನಪ್ರಜ್ಞೆ. ಸ್ನಾಯುಗಳೊಳಗೆ ಹುದುಗಿರುವ ಕದಿರಿನಾಕಾರದ ಸೂಕ್ಷ್ಮ ಅಂಗಗಳು ಸ್ನಾಯುವಿನ ಸೆಳೆತವನ್ನು ಅಳೆದು ಬೆನ್ನುಹುರಿಗೆ ತಿಳಿಸುತ್ತಲೇ ಇರುತ್ತವೆ. ಸ್ಪ್ರಾಲಿಂಗ್ ಇಲಿಗಳಲ್ಲಿ ಈ ಅಂಗಗಳೇ ವಿರಳವಾಗಿದ್ದವು. ಲೋವಾ ಇಲಿಗಳನ್ನು ಮತ್ತೆ ಪರೀಕ್ಷಿಸಿದಾಗ ಅಲ್ಲೂ ಅದೇ ಚಿತ್ರ ಕಂಡಿತು. ಸೊಟ್ಟಗಾಲಿನ ಇಲಿಗೆ ಕಾಲು ಎತ್ತುವ ಶಕ್ತಿಗಿಂತ ಹೆಚ್ಚಾಗಿ ಕಾಲು ಎಲ್ಲಿದೆ ಎಂಬ ಅರಿವಿನ ಕೊರತೆಯಿತ್ತು.

2008ರ ಇನ್ನೊಂದು ಅಧ್ಯಯನ ಇದನ್ನು ಎಎಲ್‌ಎಸ್ ಒಗಟಿಗೆ ಜೋಡಿಸಿತು. ಲೋವಾ ದೋಷದಿಂದ ಆಯುಷ್ಯ ಹೆಚ್ಚಿದ್ದು ಚಾಲಕ ನರಕೋಶಗಳು ಅತಿ ಹೆಚ್ಚು ಸಾಯುವ ಎಸ್ಒಡಿ1 ತಳಿಯಲ್ಲಿ ಮಾತ್ರ. ಎಸ್ಒಡಿ1ರ ಬೇರೊಂದು ರೂಪಾಂತರ ಹೊತ್ತ ಇಲಿಗಳಿಗೆ ಆ ಲಾಭ ದೊರೆಯಲಿಲ್ಲ. ಸ್ಥಾನಪ್ರಜ್ಞೆಯ ನರಗಳು ಇಲ್ಲವಾದಾಗ ಚಾಲಕ ನರಕೋಶಗಳ ಮೇಲೆ ಬೀಳುವ ಸಂದೇಶಗಳ ಒತ್ತಡ ತಗ್ಗುತ್ತದೆ, ಆಯುಷ್ಯ ಹೆಚ್ಚಲು ಅದೇ ಕಾರಣವಿರಬಹುದು ಎಂಬ ವಿವರಣೆ ಮುಂದೆ ಬಂದಿತು. ವಾಪಸು ಸಾಗಣೆ ಕುಂಟಿದರೆ ಎಎಲ್‌ಎಸ್ ಎಂಬ ನೇರ ಸಮೀಕರಣ ಅಲ್ಲಿಗೆ ಸಡಿಲವಾಯಿತು.

2003ರ ವರದಿ ಸುಳ್ಳಾಯಿತೇ? ಇಲ್ಲ. ವಂಶವಾಹಿ ಅದೇ, ಅಕ್ಷರ ಅದೇ, ಸಾಗಣೆಯ ಕುಂಟುವಿಕೆಯೂ ನಿಜವೇ. ಬದಲಾದದ್ದು ಅದರ ಅರ್ಥ. ಒಂದು ಇಲಿಯನ್ನು ಒಂದು ರೋಗದ ‘ಮಾದರಿ’ ಎಂದು ಬೇಗನೆ ಹೆಸರಿಸಿದರೆ ಎಂತಹ ತೊಡಕು ಬರಬಹುದು ಎಂಬುದಕ್ಕೆ ಲೋವಾ ನಿದರ್ಶನವಾಯಿತು.

ಇಲಿಯಿಂದ ಮನುಷ್ಯರಿಗೆ

ಮನುಷ್ಯರಲ್ಲಿ ಡಿವೈಎನ್‌ಸಿ1ಎಚ್1 ಇರುವುದು 14ನೆಯ ವರ್ಣತಂತುವಿನಲ್ಲಿ. ಇಲಿಯ ಮತ್ತು ಮನುಷ್ಯನ ಡೈನೀನ್ ಬಹುತೇಕ ಒಂದೇ ರೀತಿ. ಆದರೂ ಇಲಿಯಲ್ಲಿ ದೋಷ ಪತ್ತೆಯಾದ ಎಂಟು ವರ್ಷಗಳವರೆಗೆ ಇದರಿಂದ ನರರೋಗ ಬಂದ ಕುಟುಂಬ ವರದಿಯಾಗಿರಲಿಲ್ಲ. ಒಬ್ಬ ವ್ಯಕ್ತಿಯ ಪ್ರೋಟೀನು ರೂಪಿಸುವ ವಂಶವಾಹಿಗಳನ್ನೆಲ್ಲ ಒಂದೇ ಸಲಕ್ಕೆ ಓದುವ ತಂತ್ರ ಕೈಗೆಟುಕಿದ ಮೇಲೆ ಪರಿಸ್ಥಿತಿ ಬದಲಾಯಿತು.

2011ರಲ್ಲಿ ಷಾರ್ಕೊ-ಮೇರಿ-ಟೂತ್ ಎಂಬ ನರರೋಗವಿದ್ದ ದೊಡ್ಡ ಕುಟುಂಬವೊಂದರಲ್ಲಿ ಈ ವಂಶವಾಹಿಯ ದೋಷ ಕಂಡುಬಂದಿತು. 2012ರಲ್ಲಿ ಅಮೆರಿಕದ ಮ್ಯಾಥ್ಯೂ ಹಾರ್ಮ್ಸ್ ಮತ್ತು ಸಂಗಡಿಗರು, ಬಾಲ್ಯದಲ್ಲೇ ಮುಖ್ಯವಾಗಿ ಕಾಲುಗಳ ಸ್ನಾಯು ಸೊರಗುವ ಒಂದು ಬಗೆಯ ರೋಗಕ್ಕೆ ಇದೇ ಮೂಲವೆಂದು ತೋರಿಸಿದರು. ಅವರು ಕಂಡ ದೋಷಗಳೆಲ್ಲ ಡೈನೀನ್‌ನ ಬಾಲದ ಭಾಗದಲ್ಲಿದ್ದವು. ಅವುಗಳಲ್ಲಿ ಒಂದು 584ನೆಯ ಸ್ಥಾನದಲ್ಲಿ, ಅಂದರೆ ಲೋವಾ ಇಲಿಯ ದೋಷದ ಪಕ್ಕದ ಮನೆಯಲ್ಲೇ ಇತ್ತು!

ಈ ರೋಗವಿರುವ ಮಕ್ಕಳು ತಡವಾಗಿ ನಡೆಯಲು ಕಲಿಯಬಹುದು. ತೊಡೆಯ ಸ್ನಾಯುಗಳು ಸೊರಗಿ, ನಡಿಗೆ ಬಾತುಕೋಳಿಯದರಂತೆ ಓಲಾಡಬಹುದು. ಕೈಗಳ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ರೋಗ ಅತಿ ನಿಧಾನವಾಗಿ ಮುಂದುವರಿಯುತ್ತದೆ ಅಥವಾ ಇದ್ದಲ್ಲೇ ನಿಲ್ಲುತ್ತದೆ. ಸ್ಪರ್ಶಜ್ಞಾನ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಇಲ್ಲಿಯೇ ಇಲಿಗೂ ಮನುಷ್ಯರಿಗೂ ವ್ಯತ್ಯಾಸ. ಲೋವಾದಲ್ಲಿ ಹೆಚ್ಚು ಕೆಟ್ಟದ್ದು ಸಂವೇದನಾ ನರಗಳು, ಈ ಮಕ್ಕಳಲ್ಲಿ ಚಾಲಕ ನರಗಳು. ಒಂದೇ ಪ್ರೋಟೀನಿನ ನೆರೆಹೊರೆಯ ಎರಡು ದೋಷಗಳು ಎರಡು ಜೀವಿಗಳಲ್ಲಿ ಬೇರೆ ಬೇರೆ ನರಗಳನ್ನು ಕಾಡಿವೆ.

ಪಟ್ಟಿ ಇಷ್ಟಕ್ಕೇ ಮುಗಿಯಲಿಲ್ಲ. 2012 ಮತ್ತು 2013ರ ವರದಿಗಳು ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಹಾಗೂ ಮಿದುಳಿನ ಮೇಲ್ಪದರ ಸರಿಯಾಗಿ ರೂಪುಗೊಳ್ಳದ ಮಕ್ಕಳಲ್ಲಿ ಇದೇ ವಂಶವಾಹಿಯ ದೋಷಗಳನ್ನು ಗುರುತಿಸಿದವು. ಗರ್ಭದಲ್ಲಿ ಮಿದುಳು ಬೆಳೆಯುವಾಗ ನರಕೋಶಗಳು ಹುಟ್ಟಿದ ಜಾಗದಿಂದ ತಮ್ಮ ನೆಲೆಗೆ ವಲಸೆ ಹೋಗಬೇಕು. ಆಗ ಕೋಶಕೇಂದ್ರವನ್ನು ಎಳೆದೊಯ್ಯುವ ಕೆಲಸಕ್ಕೂ ಡೈನೀನ್ ಬೇಕು. ನಡಿಗೆಯನ್ನು ಹೆಚ್ಚು ಕೆಡಿಸುವ ರೂಪಾಂತರಗಳು ಮಿದುಳಿನ ದೋಷಗಳೊಂದಿಗೂ, ಕಡಿಮೆ ಕೆಡಿಸುವವು ಕಾಲಿನ ದೌರ್ಬಲ್ಯದೊಂದಿಗೂ ನಂಟು ಹೊಂದಿರುವುದನ್ನು 2017ರ ಅದೇ ಪರೀಕ್ಷೆಗಳು ತೋರಿಸಿದವು.

ಹೆಸರು ಹೋಲುತ್ತದೆ, ರೋಗ ಬೇರೆ

ಕಾಲಿನ ಸ್ನಾಯು ಸೊರಗುವ ಈ ರೋಗದ ವೈದ್ಯಕೀಯ ಹೆಸರಿನಲ್ಲಿ ‘ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ’ ಎಂಬ ಪದಗಳಿವೆ. ಎಸ್ಎಂಎ ಎಂಬ ಅದರ ಸಂಕ್ಷಿಪ್ತ ರೂಪ ಕನ್ನಡಿಗರಿಗೂ ಅಪರಿಚಿತವಲ್ಲ. ಸುಮಾರು 16 ಕೋಟಿ ರೂಪಾಯಿ ಬೆಲೆಯ ಒಂದೇ ಡೋಸಿನ ಚುಚ್ಚುಮದ್ದಿಗಾಗಿ ಪುಟ್ಟ ಮಕ್ಕಳ ಹೆತ್ತವರು ಸಾರ್ವಜನಿಕರಿಂದ ದೇಣಿಗೆ ಕೋರಿದ ಸುದ್ದಿಗಳು 2020ರ ನಂತರದ ವರ್ಷಗಳಲ್ಲಿ ಕರ್ನಾಟಕದಲ್ಲೂ ಕೇಳಿಬಂದಿವೆ.

ಆ ಎಸ್ಎಂಎ ಬೇರೆ. ಅದರ ಮೂಲ 5ನೆಯ ವರ್ಣತಂತುವಿನ ಎಸ್ಎಂಎನ್1 ವಂಶವಾಹಿಯ ಕೊರತೆ. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಅದು ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ದುಬಾರಿ ಚುಚ್ಚುಮದ್ದು ಕೂಡ ಆ ಕೊರತೆಯನ್ನು ತುಂಬಲೆಂದೇ ರೂಪಿಸಿದ್ದು. ಡೈನೀನ್ ದೋಷದಿಂದ ಬಂದ ಕಾಲಿನ ದೌರ್ಬಲ್ಯಕ್ಕೆ ಅದು ಮದ್ದಲ್ಲ. ಹೆಸರಿನ ಹೋಲಿಕೆ ಕಂಡು ಆಸೆ ಕಟ್ಟಿಕೊಳ್ಳುವ ಮುನ್ನ ಯಾವ ವಂಶವಾಹಿ ಕೆಟ್ಟಿದೆ ಎಂಬುದು ಖಚಿತವಾಗಬೇಕು.

ಕೊರತೆಯನ್ನು ತುಂಬುವ ಉಪಾಯ ಇಲ್ಲಿ ಏಕೆ ಸುಲಭವಲ್ಲ ಎಂಬುದನ್ನೂ ಇಲಿಗಳೇ ಹೇಳಿವೆ. ಡೈನೀನ್ ರೋಗದಲ್ಲಿ ಹಮಾಲಿಗಳ ಸಂಖ್ಯೆಯ ಕೊರತೆಗಿಂತ ಕುಂಟುವ ಹಮಾಲಿಗಳ ಅಡ್ಡಿಯೇ ದೊಡ್ಡದು. ಅಲ್ಲದೆ ವಂಶವಾಹಿಯ ಗಾತ್ರವೇ ಇನ್ನೊಂದು ಅಡ್ಡಿ. ವಂಶವಾಹಿ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವ ವೈರಾಣು ವಾಹಕದೊಳಗೆ ಐದು ಸಾವಿರ ಅಕ್ಷರಗಳಷ್ಟು ಮಾತ್ರ ಹಿಡಿಯುತ್ತವೆ. ಡೈನೀನ್ ಬರೆಯಲು ಬೇಕಾದದ್ದು ಅದರ ಮೂರರಷ್ಟು ಹತ್ತಿರ. ಹೀಗಾಗಿ ಇಂದು ಲಭ್ಯವಿರುವುದು ಫಿಸಿಯೋಥೆರಪಿ, ಕಾಲಿಗೆ ಆಸರೆ ಪಟ್ಟಿ, ಅಗತ್ಯವಿದ್ದರೆ ಮೂಳೆ ಶಸ್ತ್ರಚಿಕಿತ್ಸೆ.

ಚಿಕಿತ್ಸೆಯಿಲ್ಲದ ಮೇಲೆ ಹೆಸರು ತಿಳಿದು ಲಾಭವೇನು? ಲಾಭವಿದೆ. ರೋಗ ಬಹುಶಃ ವೇಗವಾಗಿ ಉಲ್ಬಣಿಸದು ಎಂಬ ಸಮಾಧಾನ ಸಿಗುತ್ತದೆ. ಅನಗತ್ಯ ಪರೀಕ್ಷೆಗಳು, ಪ್ರಯೋಜನವಿಲ್ಲದ ಔಷಧಿಗಳು ತಪ್ಪುತ್ತವೆ. ಮುಂದಿನ ಮಗುವಿನ ಬಗ್ಗೆ ನಿರ್ಧರಿಸಲು ದಾರಿಯಾಗುತ್ತದೆ. ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಹೆತ್ತವರಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ದೋಷ ಹುಟ್ಟಿದ್ದರೆ ಮುಂದಿನ ಮಗುವಿಗೆ ಅಪಾಯ ತೀರಾ ಕಡಿಮೆ. ಈ ಎರಡರ ನಡುವಣ ವ್ಯತ್ಯಾಸ ಒಂದು ಕುಟುಂಬಕ್ಕೆ ಸಣ್ಣದಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮಾನವ ತಳಿವಿಜ್ಞಾನ ಕೇಂದ್ರದಂತಹ ಸಂಸ್ಥೆಗಳು ಆನುವಂಶಿಕ ರೋಗಗಳ ಪತ್ತೆ ಮತ್ತು ಸಮಾಲೋಚನೆಯಲ್ಲಿ ತೊಡಗಿವೆ.

ಭಾರತದಲ್ಲಿ ಹಮಾಲಿಯ ಅಧ್ಯಯನ

ಕೋಶದೊಳಗಿನ ಸಾಗಣೆಯ ಅಧ್ಯಯನದಲ್ಲಿ ಭಾರತವೂ ಹಿಂದುಳಿದಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ಅವರ ತಂಡ 2013ರಲ್ಲಿ ಡೈನೀನ್‌ಗಳು ಗುಂಪಾಗಿ ಹೇಗೆ ದೊಡ್ಡ ಭಾರ ಎಳೆಯುತ್ತವೆ ಎಂಬುದನ್ನು ಬೆಳಕಿನ ಚಿಮುಟದಿಂದ ಅಳೆದು ತೋರಿಸಿತು. ಒಂಟಿ ಡೈನೀನ್ ದುರ್ಬಲ. ಆದರೆ ಗುಂಪಿನಲ್ಲಿ ಮುಂದೆ ನಡೆಯುವವು ಭಾರ ಹೆಚ್ಚಾದಾಗ ಹೆಜ್ಜೆ ಕಿರಿದು ಮಾಡಿಕೊಳ್ಳುತ್ತವೆ, ಹಿಂದಿನವು ಬಂದು ಸೇರಿ ಭಾರ ಹಂಚಿಕೊಳ್ಳುತ್ತವೆ. ಎತ್ತಿನ ಜೋಡಿ ನೊಗ ಹಂಚಿಕೊಳ್ಳುವಂತಹ ಹೊಂದಾಣಿಕೆ ಇದು. ನರತಂತುವಿನಲ್ಲಿ ಸರಕು ಸಾಗುವ ಬಗೆಯನ್ನು ಪುಟ್ಟ ಹುಳುಗಳಲ್ಲಿ ಅಧ್ಯಯನ ಮಾಡುತ್ತಿರುವ ಸಂಧ್ಯಾ ಕೌಶಿಕ ಅವರು ಟಾಟಾ ಸಂಸ್ಥೆಗೆ ಹೋಗುವ ಮುನ್ನ ಈ ಕೆಲಸವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನಡೆಸಿದ್ದರು.

ಲೋವಾ ಇಲಿಯನ್ನು ಎಎಲ್‌ಎಸ್ ರೋಗದ ಉತ್ತರಕ್ಕಾಗಿ ನೋಡಲಾಯಿತು. ಆ ಉತ್ತರ ಅದರಲ್ಲಿ ಪೂರ್ತಿಯಾಗಿ ಇರಲಿಲ್ಲ. ಆದರೆ ಯಾರೂ ಕೇಳದಿದ್ದ ಪ್ರಶ್ನೆಯೊಂದಕ್ಕೆ ಅದು ಉತ್ತರ ಇಟ್ಟುಕೊಂಡಿತ್ತು. ಕಾಲು ಸೊರಗಿದ ಮಗುವಿನ ವರದಿಯಲ್ಲಿ ‘ಕಾರಣ ತಿಳಿದಿಲ್ಲ’ ಎಂದಿದ್ದ ಜಾಗದಲ್ಲಿ ಇಂದು ಒಂದು ವಂಶವಾಹಿಯ ಹೆಸರನ್ನು ಬರೆಯಲು ಸಾಧ್ಯವಾಗಿದೆ. ಹೆಸರು ತಿಳಿದ ರೋಗಕ್ಕೆ ಮದ್ದು ಹುಡುಕುವ ಕೆಲಸ ಇನ್ನು ಮುಂದಿನದು.